ಕಸದೊಳಗಿನ ಕಿಚ್ಚು

ಒಲೆಯೆಂಬುದು ಸಂಸಾರದಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರಿಗಿಂತ ಮೊದಲು ಉಣ್ಣುವ ಸದಸ್ಯ. ಮಕ್ಕಳಿಗೆ ಹಸಿವಾದರೆ ಒಂದು ಗಳಿಗೆ ತಡೆದುಕೊಳ್ಳಿರೆಂದು ಗದರಿಸಬಹುದು. ಅತಿಥಿಗಳು ಬಂದರೆ ಮಾತಿನಲ್ಲಿ ಕೂಡಿಸಿ ಹೊತ್ತು ಕಳೆಯಬಹುದು. ಒಲೆಯ ಹಸಿವಿಗೆ ಮಾತ್ರ ಈ ಉಪಾಯಗಳೊಂದೂ ಸಲ್ಲುವುದಿಲ್ಲ. ಅದಕ್ಕೆ ಉಣಿಸದೆ ಮನೆಯಲ್ಲಿ ಯಾರಿಗೂ ಊಟವಿಲ್ಲ. ಸಾರು ಇನ್ನೂ ಕುದಿಯುತ್ತಿರುವಾಗಲೇ ಸಿಲಿಂಡರು ಬರಿದಾಗಿ, ನೀಲಿ ಜ್ವಾಲೆಯು ಕುಗ್ಗಿ, ನಡುಗಿ, ಆರಿಹೋದಾಗ ಪೇಟೆಯ ಗೃಹಿಣಿಯ ಮುಖದಲ್ಲಿ ಮೂಡುವ ಕಳವಳವನ್ನು ಕಂಡವರಿಗೆ, ನಾಗರಿಕತೆಯ ಭವ್ಯವಾದ ಉಪ್ಪರಿಗೆಯೆಲ್ಲ ಯಾವ ಕಂಬದ ಮೇಲೆ ನಿಂತಿದೆಯೆಂಬುದು ತಿಳಿಯದೆ ಇರದು.

ಹಿಂದಿನ ಮನೆಗಳಲ್ಲಿ ಒಲೆಯ ಹಸಿವನ್ನು ತಣಿಸಲು ಹತ್ತು ಬಗೆಯ ಮೇವು ಇದ್ದಿತು. ಬಚ್ಚಲ ಹಂಡೆಯ ಕೆಳಗೆ ತೆಂಗಿನ ಮಟ್ಟೆ, ಸೋಗೆ, ಕರಟ, ಅಡುಗೆಮನೆಯಲ್ಲಿ ಸೌದೆ, ಮರ ಕೊಯ್ಯುವ ಕಾರ್ಖಾನೆ ಹತ್ತಿರವಿದ್ದರೆ ಹೊಟ್ಟಿನ ಒಲೆ. ಈ ಹೊಟ್ಟಿನ ಒಲೆಯನ್ನು ತುಂಬುವುದೂ ಒಂದು ಕಲೆಯೇ ಸರಿ. ನಡುವೆ ಕೋಲೊಂದನ್ನು ನಿಲ್ಲಿಸಿ, ಸುತ್ತಲೂ ಮರದ ಹೊಟ್ಟನ್ನು ಗಟ್ಟಿಯಾಗಿ ಅದುಮಿ, ಆಮೇಲೆ ಕೋಲನ್ನು ಮೆಲ್ಲಗೆ ಹಿರಿಯಬೇಕು. ಕೈ ಸ್ವಲ್ಪ ನಡುಗಿದರೂ ಗೋಡೆ ಕುಸಿದು, ಮಾಡಿದ ಕೆಲಸವೆಲ್ಲ ಮಣ್ಣುಪಾಲು! ಇವೆಲ್ಲಕ್ಕೂ ಮಿಗಿಲಾಗಿ ಹಿತ್ತಿಲ ಗೋಡೆಯ ಮೇಲೆ ಐದು ಬೆರಳುಗಳ ಮುದ್ರೆಯೊತ್ತಿಸಿಕೊಂಡು ಒಣಗುತ್ತಿದ್ದ ಬೆರಣಿ. ಉರಿದು ಉಳಿದ ಬೂದಿಯೂ ವ್ಯರ್ಥವಾಗುತ್ತಿರಲಿಲ್ಲ. ಪಾತ್ರೆ ಬೆಳಗುವುದಕ್ಕೆ ಸಲ್ಲುತ್ತಿತ್ತು. ಇಂದು ವಿದ್ವಾಂಸರು ಜೈವಿಕ ಇಂಧನವೆಂಬ ಗಂಭೀರವಾದ ಹೆಸರಿನಿಂದ ಕರೆಯುವ ವಸ್ತುವನ್ನು ಅಜ್ಜಿಯರು ಹೆಸರಿಡದೆಯೇ ಉರಿಸಿ ಮುಗಿಸಿದ್ದರು.

ಹಾಗೆಂದು ಆ ಕಾಲವನ್ನು ಹೊಗಳಿ ಕೊಂಡಾಡಿಬಿಡುವುದೂ ನ್ಯಾಯವಲ್ಲ. ಹೊಗಳುವವರು ಸಾಮಾನ್ಯವಾಗಿ ಜಗಲಿಯ ಮೇಲೆ ಕುಳಿತವರು. ಊದುಗೊಳವೆ ಹಿಡಿದು ಒಲೆಯ ಮುಂದೆ ಕುಳಿತವರಲ್ಲ. ಹೊಗೆಯಿಂದ ಕೆಂಪಡರಿದ ಕಣ್ಣು, ಬಿಡದ ಕೆಮ್ಮು, ಕಪ್ಪು ಹಿಡಿದ ಮಾಡು, ಇವೂ ಆ ಸೊಗಸಿನ ಕಾಲದ ಆಸ್ತಿಯೇ. ಮನೆಯೊಳಗಿನ ಹೊಗೆಯು ಪ್ರಪಂಚದಲ್ಲಿ ಇಂದಿಗೂ ವರ್ಷಂಪ್ರತಿ ಲಕ್ಷಾಂತರ ಜನರ ಅಕಾಲ ಮರಣಕ್ಕೆ ಕಾರಣವಾಗುತ್ತಿದೆ. ಅದರಲ್ಲಿ ಹೆಚ್ಚಿನ ಪಾಲು ಹೆಂಗಸರದು ಮತ್ತು ಮಕ್ಕಳದು. ಬೆರಣಿಯ ವಿಷಯದಲ್ಲಿ ಇನ್ನೊಂದು ನಷ್ಟವೂ ಉಂಟು. ಹೊಲಕ್ಕೆ ಗೊಬ್ಬರವಾಗಬೇಕಾದ ಸಗಣಿ ಒಲೆಯಲ್ಲಿ ಬೂದಿಯಾಗುತ್ತದೆ. ಅದರಲ್ಲಿದ್ದ ಸಾರಜನಕ ಹೊಗೆಯೊಡನೆ ಹಾರಿಹೋಗುತ್ತದೆ. ಶಾಖದಲ್ಲಿಯೂ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ತಲಪಿದರೆ ಪುಣ್ಯ. ಇಂದಿನ ಅಡುಗೆಗಾಗಿ ನಾಳೆಯ ಬೆಳೆಯನ್ನು ಸುಟ್ಟಂತಾಯಿತು.

ಈ ಎರಡು ನಷ್ಟಗಳಿಂದಲೂ ಪಾರಾಗುವ ದಾರಿಯನ್ನು ತೋರಿಸಿದ್ದು ಜೌಗು ನೆಲ. ಕತ್ತಲೆಯಲ್ಲಿ ಕೆರೆಯಂಗಳದ ಮೇಲೆ ಮಿನುಗಿ ಮಾಯವಾಗುವ ಬೆಳಕನ್ನು ನಮ್ಮ ಹಳ್ಳಿಗರು ಕೊಳ್ಳಿದೆವ್ವವೆಂದು ಕರೆದು, ಬಾಗಿಲು ಹಾಕಿಕೊಂಡರು. ಇಟಲಿ ದೇಶದ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಬಾಗಿಲು ಹಾಕಿಕೊಳ್ಳುವ ಜಾತಿಯವನಲ್ಲ. 1776ರಲ್ಲಿ ಅವನು ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕಲಕಿ, ಮೇಲಕ್ಕೆದ್ದ ಗುಳ್ಳೆಗಳನ್ನು ಹಿಡಿದು, ಆ ಅನಿಲವು ಹೊತ್ತಿ ಉರಿಯುವುದನ್ನು ಕಂಡನು. ಅದೇ ಮೀಥೇನ್. ಗಾಳಿಯಾಡದ ತಾವಿನಲ್ಲಿ ಎಲೆ, ಹುಲ್ಲು, ಸಗಣಿ ಕೊಳೆಯುವಾಗ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಉತ್ಪತ್ತಿ ಮಾಡುತ್ತವೆ. ದೆವ್ವವನ್ನು ಪೀಪಾಯಿಯಲ್ಲಿ ಕೂಡಿಹಾಕಿ ಅಡುಗೆಗೆ ಹಚ್ಚುವ ವಿದ್ಯೆಯೇ ಗೋಬರ್ ಅನಿಲದ ವಿದ್ಯೆ.

ಭಾರತದಲ್ಲಿ ಈ ವಿದ್ಯೆಗೆ ದೀರ್ಘವಾದ ಚರಿತ್ರೆಯಿದೆ. 1939ರಲ್ಲಿಯೇ ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿಯವರು ಸಗಣಿಯ ಮೇಲೆ ಪ್ರಯೋಗ ನಡೆಸಿದ್ದರು. 1950ರ ದಶಕದ ಮೊದಲಲ್ಲಿ ಜಶಭಾಯಿ ಪಟೇಲರು ಮೇಲೆ ಕಬ್ಬಿಣದ ಡ್ರಮ್ಮು ತೇಲುವಂತಹ ಸ್ಥಾವರವನ್ನು ರೂಪಿಸಿ ಅದಕ್ಕೆ ಗ್ರಾಮಲಕ್ಷ್ಮಿಯೆಂದು ಹೆಸರಿಟ್ಟರು. 1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಅದನ್ನು ಊರೂರಿಗೆ ಒಯ್ದಿತು. 1984ರಲ್ಲಿ ಕಬ್ಬಿಣದ ಗೊಡವೆಯೇ ಇಲ್ಲದ, ಇಟ್ಟಿಗೆಯ ಗುಮ್ಮಟದ, ಅಗ್ಗದ ದೀನಬಂಧು ಮಾದರಿ ಬಂದಿತು.

ಕೆಲಸದ ಕ್ರಮ ಸರಳ. ಸಗಣಿಗೆ ಸಮಪ್ರಮಾಣದ ನೀರು ಬೆರೆಸಿ, ಹುಲ್ಲುಕಡ್ಡಿ ಆರಿಸಿ ತೆಗೆದು, ಕಲಸಿ ಗುಂಡಿಗೆ ಬಿಡಬೇಕು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 35ರಿಂದ 40 ಲೀಟರು ಅನಿಲ ದೊರೆಯುತ್ತದೆ. ನಾಲ್ಕೈದು ದನಗಳಿದ್ದು ದಿನಕ್ಕೆ 50 ಕಿಲೋ ಸಗಣಿ ಒದಗಿದರೆ, ನಾಲ್ಕೈದು ಜನರ ಸಂಸಾರದ ಎರಡು ಹೊತ್ತಿನ ಅಡುಗೆ ನಡೆಯುತ್ತದೆ. ಆ ಅನಿಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮೀಥೇನ್. ಉಳಿದುದು ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡ್. ಉರಿಯಲ್ಲಿ ಹೊಗೆಯಿಲ್ಲ, ಮಸಿಯಿಲ್ಲ. ಇನ್ನೊಂದು ಬಾಯಿಯಿಂದ ಹೊರಬರುವ ಬಗ್ಗಡದಲ್ಲಿ ಗೊಬ್ಬರದ ಸತ್ತ್ವವೆಲ್ಲ ಹಾಗೆಯೇ ಉಳಿದಿರುತ್ತದೆ. ರೊಟ್ಟಿಯನ್ನು ತಿಂದೂ ಆಯಿತು, ರೊಟ್ಟಿ ಉಳಿದೂ ಆಯಿತು ಎನ್ನುವಂತಹ ಭಾಗ್ಯ ಪ್ರಪಂಚದಲ್ಲಿ ಹೆಚ್ಚು ಕಡೆ ಸಿಕ್ಕುವುದಿಲ್ಲ.

ಇಷ್ಟು ಒಳ್ಳೆಯದಾದ ಮೇಲೆ ದೇಶದ ಹಳ್ಳಿ ಹಳ್ಳಿಯಲ್ಲಿ ಈ ನೀಲಿ ಜ್ವಾಲೆ ಬೆಳಗಬೇಕಾಗಿತ್ತಲ್ಲವೆ? ಬೆಳಗಿದ್ದೂ ಉಂಟು, ಆರಿದ್ದೂ ಉಂಟು. ಏಕೆ ಬೆಳಗಿತು, ಏಕೆ ಆರಿತು ಎಂಬುದರಲ್ಲಿಯೇ ಈ ವಿಷಯದ ತಿರುಳೆಲ್ಲ ಅಡಗಿದೆ.

ಬೆಳಗಿದ ಕಡೆಯೆಂದರೆ ಉತ್ತರ ಕನ್ನಡದ ಶಿರಸಿಯ ಸೀಮೆ. ಅಲ್ಲಿಯ ಎಂಟು ಹಳ್ಳಿಗಳ ಅನಿಲ ಸ್ಥಾವರಗಳನ್ನು ಬೆಂಗಳೂರಿನ ವಿಜ್ಞಾನ ಮಂದಿರದ ಸಂಶೋಧಕರು ಪರೀಕ್ಷಿಸಿ, 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಾವು ನೋಡಿದ ಸ್ಥಾವರಗಳೆಲ್ಲವೂ ಕೆಲಸ ಮಾಡುತ್ತಿದ್ದುವೆಂದು ತಿಳಿಸಿದರು. ಬೇರೆಡೆಗಳಲ್ಲಿ ಕಟ್ಟಿದ ಸ್ಥಾವರಗಳು ಹಾಳುಬಾವಿಗಳಾಗಿ ಬಿದ್ದಿರುವಾಗ ಇಲ್ಲಿಯ ಈ ಯಶಸ್ಸಿಗೆ ಕಾರಣವೇನು? ಅಡಕೆ ತೋಟಕ್ಕೆ ಗೊಬ್ಬರ ಬೇಕು. ಗೊಬ್ಬರಕ್ಕಾಗಿ ಕೊಟ್ಟಿಗೆಯಲ್ಲಿ ದನ ಬೇಕು. ದನಕ್ಕೆ ಸೊಪ್ಪಿನ ಬೆಟ್ಟವುಂಟು, ನೀರುಂಟು. ಇವೆಲ್ಲವೂ ಮೊದಲೇ ಇದ್ದುವು. ಜೊತೆಗೆ, ಸ್ಥಾವರವನ್ನು ಕಟ್ಟಿಕೊಟ್ಟವರು ಕೈತೊಳೆದುಕೊಂಡು ಹೋಗುವ ಗುತ್ತಿಗೆದಾರರಲ್ಲ. ಅದೇ ಊರುಗಳ ಜನ. ಕೆಟ್ಟರೆ ಬಂದು ಸರಿಪಡಿಸುವ ಹೊಣೆ ಹೊತ್ತವರು. ನಾಳೆ ಅದೇ ದಾರಿಯಲ್ಲಿ ಎದುರಾಗಿ ಮುಖ ತೋರಿಸಬೇಕಾದವನು ಕೆಲಸವನ್ನು ಕೆಡಿಸುವುದು ಕಡಮೆ.

ಆದರೆ ಅಂತಹ ತೋಟದ ಮನೆಯೊಂದನ್ನು ಇಂದು ಮನಸ್ಸಿಗೆ ತಂದುಕೊಂಡು ನೋಡಬೇಕು. ಕೊಟ್ಟಿಗೆಯಲ್ಲಿ ಆರು ದನಗಳಿದ್ದ ಕಡೆ ಈಗ ಒಂದು ಮುದಿ ಹಸು. ಮನೆಯಲ್ಲಿ ಇಬ್ಬರು ವೃದ್ಧರು. ಮಗನು ಬೆಂಗಳೂರಿನಲ್ಲಿ ದೊಡ್ಡ ಸಂಬಳದ ಕೆಲಸದಲ್ಲಿದ್ದಾನೆ. ಭಾನುವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುತ್ತಾನೆ.

“ಆಯಿ, ಈ ವಯಸ್ಸಿನಲ್ಲಿ ಇನ್ನೂ ಸಗಣಿ ಕಲಸುತ್ತೀಯೇನು? ಸಿಲಿಂಡರು ತರಿಸಿಕೊಳ್ಳಬಾರದೆ? ದುಡ್ಡು ಕಳಿಸುತ್ತೇನೆ.”

“ಸಿಲಿಂಡರು ಇದೆಯಪ್ಪ. ಆದರೆ ಹಸುವಿದೆಯಲ್ಲ, ಅದರ ಸಗಣಿಯನ್ನು ಏನು ಮಾಡಲಿ?”

ಮಗನ ಮಾತಿನಲ್ಲಿ ಪ್ರೀತಿಯುಂಟು. ತಾಯಿಯ ಮಾತಿನಲ್ಲಿ ನ್ಯಾಯವುಂಟು. ಒಂದು ಹಸುವಿನ ಸಗಣಿಯಿಂದ ಡ್ರಮ್ಮು ಏಳದು. ಬೆಳಗಿನ ಚಹಕ್ಕೆ ಸಾಕಾಗುವಷ್ಟು ಉರಿ ಬಂದು ನಿಲ್ಲುತ್ತದೆ. ಆ ಹಸುವೂ ಹೋದ ದಿನ ಗುಂಡಿಯ ಬಾಯಿ ಒಣಗುತ್ತದೆ. ಸ್ಥಾವರದಲ್ಲಿ ದೋಷವಿರಲಿಲ್ಲ, ಮೀಥೇನಿನಲ್ಲಿಯೂ ದೋಷವಿರಲಿಲ್ಲ. ಕಲಸುವ ಕೈಗಳು ಊರು ಬಿಟ್ಟಿದ್ದುವು, ಅಷ್ಟೆ. ಇಂಧನವೆಂಬುದು ಬರಿಯ ರಸಾಯನಶಾಸ್ತ್ರವಲ್ಲ, ಅದರಲ್ಲಿ ಅರ್ಧದಷ್ಟು ಸಂಸಾರಶಾಸ್ತ್ರವೆಂಬುದನ್ನು ಆ ಒಣಗಿದ ಗುಂಡಿಯು ಯಾವ ಪಂಡಿತನಿಗಿಂತಲೂ ಚೆನ್ನಾಗಿ ಹೇಳುತ್ತದೆ.

ಈ ಪಾಠವನ್ನೇ ಇನ್ನೊಂದು ರೀತಿಯಿಂದ ಕಲಿಸಿದ ಊರು ಪುರ. ತುಮಕೂರು ಜಿಲ್ಲೆ, ಕುಣಿಗಲ್ ತಾಲ್ಲೂಕಿನ ಸಣ್ಣ ಹಳ್ಳಿ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಘಟಕವು ಹುಟ್ಟಿತು. ವಿಜ್ಞಾನವನ್ನು ಹಳ್ಳಿಗಳಿಗೆ ಮುಟ್ಟಿಸಬೇಕೆಂಬುದೇ ಅದರ ವ್ರತ. ಅದರ ಹಿಂದಿನ ಚೇತನ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು. ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಜಗತ್ತು ಮೆಚ್ಚಿದ ಗ್ರಂಥದ ಕರ್ತೃಗಳಲ್ಲಿ ಒಬ್ಬರಾಗಿದ್ದ ಅವರು, ಅದನ್ನು ಬದಿಗಿಟ್ಟು ಸೌದೆಯ ಹೊರೆಯನ್ನು ತೂಗಲು ಹೊರಟರು. ಕರ್ನಾಟಕದ ಎಷ್ಟೋ ಹಳ್ಳಿಯ ಅಡುಗೆಮನೆಗಳಿಂದ ಹೊಗೆಯನ್ನು ಕೊಳವೆಯ ಮೂಲಕ ಹೊರದೂಡಿದ ‘ಅಸ್ತ್ರ ಒಲೆ’ ಈ ಘಟಕದ ಕೊಡುಗೆಯೇ.

ಪುರದಲ್ಲಿ ಊರಿಗೆಲ್ಲ ಒಂದೇ ಸ್ಥಾವರ ಕಟ್ಟಿ, ಎಲ್ಲ ಮನೆಗಳಿಗೂ ಅಡುಗೆಯ ಅನಿಲ ಕೊಡುವುದೆಂದು ಮೊದಲು ಯೋಜನೆಯಾಯಿತು. ಲೆಕ್ಕವೆಲ್ಲ ಕಾಗದದ ಮೇಲೆ ಸರಿಯಾಗಿತ್ತು. ಆದರೆ ಬಂದ ಸಗಣಿಯಿಂದ ಎಲ್ಲ ಮನೆಗಳ ಎರಡು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಅನಿಲ ಹುಟ್ಟಲಿಲ್ಲ. ಅರ್ಧ ಬೆಂದ ಅನ್ನವನ್ನು ಮತ್ತೆ ಸೌದೆಯ ಮೇಲೆ ಇಡಬೇಕಾದರೆ ಯಾವ ಗೃಹಿಣಿ ತಾನೆ ಅಂತಹ ಅನಿಲವನ್ನು ನಂಬಿಯಾಳು? ಯೋಜನೆ ನೆಲಕಚ್ಚಿತು.

ಸೋಲಿನ ಕಾರಣವನ್ನು ಮುಚ್ಚಿಡದೆ ಹುಡುಕಿದುದೇ ಆ ವಿಜ್ಞಾನಿಗಳ ದೊಡ್ಡತನ. ಜನರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದುದು ಅಡುಗೆಯ ಅನಿಲವಲ್ಲ, ಕುಡಿಯುವ ನೀರು! ಸೌದೆಯನ್ನು ಹೇಗೋ ಆಯ್ದು ತರುತ್ತಿದ್ದರು. ಶುದ್ಧವಾದ ನೀರನ್ನು ಆಯ್ದು ತರುವುದು ಸಾಧ್ಯವಿರಲಿಲ್ಲ. ಅಂದಮೇಲೆ ಅದೇ ಅನಿಲದಿಂದ ಯಂತ್ರ ನಡೆಸಿ, ವಿದ್ಯುಚ್ಛಕ್ತಿ ತೆಗೆದು, ಕೊಳವೆಬಾವಿಯಿಂದ ನೀರೆತ್ತಬಾರದೇಕೆ? 1987ರಲ್ಲಿ ಪುರದ ಯಂತ್ರ ಹೊಸದಾಗಿ ಮೊಳಗಿತು. ಅನಿಲದ ಜೊತೆಗೆ ಸ್ವಲ್ಪ ಡೀಸೆಲ್ ಸೇರಿಸಿ ನಡೆಸುವ ಎಂಜಿನು. ಅದರಿಂದ ನಲ್ಲಿಗಳಲ್ಲಿ ನೀರು ಬಂದಿತು. ಸಂಜೆ ಮನೆಗಳಲ್ಲಿ ದೀಪ ಹೊತ್ತಿತು. ಹೆಂಗಸರೂ ಮಕ್ಕಳೂ ಬುಟ್ಟಿಗಳಲ್ಲಿ ಸಗಣಿ ತಂದು ತೂಕ ಹಾಕಿಸಿ ಲೆಕ್ಕ ಬರೆಸುತ್ತಿದ್ದರು. ತಂದದ್ದಕ್ಕೆ ಕೂಲಿಯುಂಟು, ಬಗ್ಗಡ ಸೋಸಿ ಬಂದ ಗೊಬ್ಬರದಲ್ಲಿ ಅವರವರ ಪಾಲು ಅವರವರಿಗೆ ಹಿಂದಕ್ಕೆ. ಊರಿನ ಹುಡುಗರೇ ಯಂತ್ರವನ್ನು ನಡೆಸಿದರು.

ಎಲ್ಲರಿಗೂ ಸೇರಿದ ಗೋಮಾಳವನ್ನು ಎಲ್ಲರೂ ಸೇರಿ ಹಾಳುಮಾಡುತ್ತಾರೆಂಬುದು ಅರ್ಥಶಾಸ್ತ್ರದ ಪ್ರಸಿದ್ಧವಾದ ವಾದ. ಪುರದಲ್ಲಿ ಅದು ತಿರುವುಮುರುವಾಯಿತೆಂದು ರೆಡ್ಡಿಯವರು ಬರೆದರು. ಸಗಣಿ ಕೊಡದೆ, ಹಣ ಕಟ್ಟದೆ ಸೋಮಾರಿತನ ಮಾಡಿದರೆ ನಾಳೆ ತನ್ನ ಮನೆಯ ನಲ್ಲಿಯೂ ಒಣಗುವುದೆಂಬ ಅರಿವೇ ಊರನ್ನು ಹಿಡಿದು ಕಟ್ಟಿತು. ಆ ಯಂತ್ರವೂ ಚಿರಕಾಲ ನಡೆಯಲಿಲ್ಲವೆಂಬುದು ನಿಜ. ಆದರೆ ಆರಿಹೋದ ದೀಪವೆಂದು ಅದರಡಿ ಓದಿದ ಪಾಠ ಸುಳ್ಳಾಗದು. ಇಂಧನವನ್ನು ಕೊಡಹೊರಟವರು ಮೊದಲು ಕೇಳಬೇಕಾದದ್ದು “ನಿಮಗೆ ಏನು ಬೇಕು?” ಎಂಬ ಮಾತನ್ನು.

ಒಲೆಯಾಯಿತು, ದೀಪವಾಯಿತು, ಇನ್ನು ವಾಹನದ ಹಸಿವು. ಅದು ಒಲೆಯ ಹಸಿವಿನಂತಲ್ಲ, ಬಕಾಸುರನ ಹಸಿವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವವಾದಾಗ ನಮ್ಮ ರಸ್ತೆಗಳಲ್ಲಿ ಇದ್ದಲಿನ ಬಸ್ಸುಗಳು ಓಡಿದುವು. ಬೆನ್ನಿಗೆ ದೊಡ್ಡ ಒಲೆಯೊಂದನ್ನು ಕಟ್ಟಿಕೊಂಡ ಆ ಬಸ್ಸು ಹೊರಡುವ ಮೊದಲು ಕ್ಲೀನರನು ಬೆವರು ಸುರಿಸಿ ತಿದಿ ತಿರುಗಿಸಬೇಕಾಗಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುವುದೂ, ಒಮ್ಮೊಮ್ಮೆ ನೂಕುವುದೂ ಟಿಕೆಟ್ಟಿನಲ್ಲಿಯೇ ಸೇರಿದ್ದ ಸೌಕರ್ಯಗಳು! ನಗೆಯ ವಿಷಯವಾದರೂ ತತ್ತ್ವ ನಗೆಯದಲ್ಲ. ಸೌದೆಯನ್ನು ಅರೆಗಾಳಿಯಲ್ಲಿ ಸುಟ್ಟಾಗ ಹುಟ್ಟುವ ಅನಿಲದಿಂದ ಎಂಜಿನನ್ನು ನಡೆಸಬಹುದು. ಅದೇ ತತ್ತ್ವವನ್ನು ಸುಧಾರಿಸಿ, 1988ರಲ್ಲಿ ಕುಣಿಗಲ್ ತಾಲ್ಲೂಕಿನದೇ ಆದ ಹೊಸಹಳ್ಳಿಗೆ ವಿಜ್ಞಾನ ಮಂದಿರದವರು ಬೆಳಕು ತಂದರು.

ಡೀಸೆಲ್ ಎಂಜಿನಿನ ಕಥೆಯೂ ಕುತೂಹಲಕರವಾದುದು. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಇಂತಹ ಎಂಜಿನೊಂದು ಓಡಿದ್ದು ಕಡಲೆಕಾಯಿ ಎಣ್ಣೆಯಿಂದ. ಕರ್ನಾಟಕದ ವಿಜ್ಞಾನಿಗಳ ಕಣ್ಣು ಬಿದ್ದದ್ದು ಹೊಂಗೆಯ ಮೇಲೆ. ಬೇಸಗೆಯ ಬಿಸಿಲಿನಲ್ಲಿ ದಾರಿಹೋಕನಿಗೆ ತಂಪನ್ನೀಯುವ ಈ ಮರದ ಬೀಜದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಎಣ್ಣೆ. ಕಹಿಯಾದುದರಿಂದ ತಿನ್ನಲು ಬಾರದು. ಹಿಂದೆ ಹಳ್ಳಿಗಳಲ್ಲಿ ದೀಪಕ್ಕೆ ಸಲ್ಲುತ್ತಿತ್ತು. ವಿಜ್ಞಾನ ಮಂದಿರದ ಪ್ರೊಫೆಸರ್ ಉಡುಪಿ ಶ್ರೀನಿವಾಸರು ಆ ಎಣ್ಣೆಯಿಂದಲೇ ಡೀಸೆಲ್ ಎಂಜಿನುಗಳನ್ನು ನಡೆಸಿ, ಹಳ್ಳಿಗರ ಪಂಪುಗಳಿಗೆ ವಿದ್ಯುತ್ತನ್ನು ಒದಗಿಸಿ ತೋರಿಸಿದರು. ಎಣ್ಣೆ ಹಿಂಡಿದ ಮೇಲೆ ಉಳಿಯುವ ಹಿಂಡಿ ಹೊಲಕ್ಕೆ ಗೊಬ್ಬರ. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಜೈವಿಕ ಇಂಧನಕ್ಕೆಂದೇ ಒಂದು ಉದ್ಯಾನವನ್ನು ನಿರ್ಮಿಸಿತು. ಬದುವಿನ ಮೇಲೆ ಬೆಳೆದ ಮರ, ಬಿಡುವಿನಲ್ಲಿ ಆಯ್ದ ಬೀಜ. ಅನ್ನದ ನೆಲವನ್ನು ಕಸಿದುಕೊಳ್ಳದ ಎಣ್ಣೆ ಎಂಬುದೇ ಹೊಂಗೆಯ ಹೆಗ್ಗಳಿಕೆ.

ಆದರೆ ಮರವು ಸರ್ಕಾರಿ ಗಡಿಯಾರವನ್ನು ನೋಡಿ ಬೆಳೆಯುವುದಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಕಾಡುಹರಳಿನಿಂದ ದೇಶದ ಡೀಸೆಲಿನ ಐದನೆಯ ಒಂದು ಪಾಲನ್ನು ಪಡೆಯುವ ಕನಸನ್ನು ಮುಂದಿಟ್ಟಿತು. ಬರಡು ನೆಲದಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ ಬಂಗಾರ ಬೆಳೆಯುವುದೆಂದು ಪ್ರಚಾರವಾಯಿತು. ಬರಡು ನೆಲದಲ್ಲಿ ಗಿಡವೇನೋ ಬದುಕಿತು. ಬೀಜ ಮಾತ್ರ ಬರಡಿಗೆ ತಕ್ಕಷ್ಟೇ ಬಿಟ್ಟಿತು. ನಂಬಿ ನೆಟ್ಟ ಅನೇಕ ರೈತರು ಕಿತ್ತು ಹಾಕಿದರು. ನೆಲವೇ ಕೊಡದಿದ್ದುದನ್ನು ಕರಪತ್ರ ಕೊಟ್ಟೀತೆ?

ಎಥೆನಾಲಿನದು ಇದಕ್ಕೆ ವಿರುದ್ಧವಾದ ಕಥೆ. ಅದು ಗೆದ್ದಿತು, ಗೆಲುವೇ ಚಿಂತೆಗೂ ಕಾರಣವಾಯಿತು. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುಳಿಸಿ ಭಟ್ಟಿಯಿಳಿಸಿದ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಕಾರ್ಯ 2003ರಲ್ಲಿ ನೂರಕ್ಕೆ ಐದರಂತೆ ಆರಂಭವಾಗಿ, 2022ರಲ್ಲಿ ಹತ್ತಕ್ಕೇರಿ, 2025ರಲ್ಲಿ ಇಪ್ಪತ್ತನ್ನು ಮುಟ್ಟಿತು. ಕಾಕಂಬಿ ಕಸವಾಗಿದ್ದಷ್ಟು ದಿನ ಯಾರದೂ ತಕರಾರಿರಲಿಲ್ಲ. ಅದು ಸಾಲದೆ ಹೋಗಿ ಕಬ್ಬಿನ ಹಾಲು, ಮೆಕ್ಕೆಜೋಳ, ಅಕ್ಕಿ ಕೂಡ ಭಟ್ಟಿಗೆ ಇಳಿದಾಗ ಪ್ರಶ್ನೆ ಬೇರೆಯಾಯಿತು. ಬಾಯಾರಿದ ಜಿಲ್ಲೆಗಳ ನೀರನ್ನು ಕುಡಿದು ಬೆಳೆದ ಕಬ್ಬಿನ ರಸ ಮೋಟಾರಿನಲ್ಲಿ ಉರಿಯುವುದು ಕಸದಿಂದ ರಸವೋ, ರಸದಿಂದ ಕಸವೋ? ಈ ಪ್ರಶ್ನೆಗೆ ಒಂದು ಉತ್ತರವಾಗಿ 2022ರಲ್ಲಿ ಪಾಣಿಪತ್ತಿನಲ್ಲಿ ಬತ್ತದ ಹುಲ್ಲಿನಿಂದ ಎಥೆನಾಲ್ ತೆಗೆಯುವ ಕಾರ್ಖಾನೆ ಆರಂಭವಾಯಿತು. ಹೊಲದಲ್ಲಿಯೇ ಸುಟ್ಟು ದೆಹಲಿಯ ಉಸಿರುಗಟ್ಟಿಸುವ ಹುಲ್ಲು ಅದು. ಗಟ್ಟಿಯಾದ ಹುಲ್ಲಿನ ನಾರನ್ನು ಸಕ್ಕರೆಯಾಗಿ ಒಡೆಯುವುದು ಕಾಕಂಬಿಯನ್ನು ಹುಳಿಸಿದಷ್ಟು ಸುಲಭವಲ್ಲ, ಅಗ್ಗವೂ ಅಲ್ಲ. ಆದರೂ ದಿಕ್ಕು ಸರಿಯಾದುದು. ಅನ್ನವನ್ನು ಬಾಯಿಗೆ, ಹುಲ್ಲನ್ನು ಬೆಂಕಿಗೆ ಎಂಬ ಕ್ರಮದಲ್ಲಿ ಮರ್ಯಾದೆಯಿದೆ.

ಇಷ್ಟೆಲ್ಲ ಕೇಳಿದ ಮೇಲೆ, ಎರಡನೆಯ ಮಹಡಿಯ ಮನೆಯಲ್ಲಿ ವಾಸಿಸುವ, ಕೊಟ್ಟಿಗೆಯೂ ಹಿತ್ತಿಲೂ ಇಲ್ಲದ ನಗರದ ಸಂಸಾರಕ್ಕೆ ಇದರಲ್ಲಿ ಮಾಡಲು ಏನು ಉಳಿಯಿತೆಂದು ಅನ್ನಿಸಬಹುದು. ಉಳಿದಿದೆ. ನಗರದ ಮನೆಯಿಂದ ಹೊರಬೀಳುವ ಕಸದಲ್ಲಿ ಅರ್ಧದಷ್ಟು ಅಡುಗೆಮನೆಯದು: ಸೊಪ್ಪಿನ ದಂಟು, ಬಾಳೆಯ ಸಿಪ್ಪೆ, ಹಳಸಿದ ಅನ್ನ. ಅದು ಪ್ಲಾಸ್ಟಿಕ್ಕಿನೊಡನೆ ಬೆರೆತು ಊರಾಚೆಯ ಗುಡ್ಡೆಯಲ್ಲಿ ಕೊಳೆತಾಗ ಅಲ್ಲಿಯೂ ಹುಟ್ಟುವುದು ಅದೇ ಮೀಥೇನ್. ಆದರೆ ಒಲೆಗೆ ಬರುವ ಬದಲು ಅದು ಆಕಾಶಕ್ಕೇರಿ ಭೂಮಿಯ ಜ್ವರವನ್ನು ಹೆಚ್ಚಿಸುತ್ತದೆ; ಕೆಳಗಿಳಿದ ಕೊಳಚೆ ರಸ ಹಳ್ಳಿಯವರ ಬಾವಿಯನ್ನು ಸೇರುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರ, ಮಂಡೂರುಗಳ ಜನ ದಾರಿಗೆ ಅಡ್ಡ ನಿಂತುದು ಸುಮ್ಮನೆ ಅಲ್ಲ. ಮಾವಳ್ಳಿಪುರದ ಗುಡ್ಡೆಗೆ ಕಸ ಬರುವುದು 2012ರಲ್ಲಿಯೂ, ಮಂಡೂರಿಗೆ 2014ರಲ್ಲಿಯೂ ನಿಂತಿತು.

ಅದೇ ಹಸಿಕಸವನ್ನು ಬೇರೆಯಾಗಿ ಕೊಟ್ಟರೆ ಆಗುವುದೇ ಬೇರೆ. ಇಂದೋರ್ ನಗರದಲ್ಲಿ ದಿನಕ್ಕೆ 550 ಟನ್ ಹಸಿಕಸದಿಂದ ಅನಿಲ ತೆಗೆಯುವ ಸ್ಥಾವರವೊಂದು 2022ರಲ್ಲಿ ಉದ್ಘಾಟನೆಯಾಯಿತು. ಆ ಅನಿಲ ನಗರದ ಬಸ್ಸುಗಳನ್ನು ಓಡಿಸಲು ಸಲ್ಲುತ್ತದೆ. ಅಂತಹ ಸ್ಥಾವರದ ಮೊದಲನೆಯ ಯಂತ್ರ ಸ್ಥಾವರದಲ್ಲಿಲ್ಲ. ಪ್ರತಿಯೊಂದು ಮನೆಯ ಅಡುಗೆಮನೆಯಲ್ಲಿದೆ. ಸಿಪ್ಪೆಯನ್ನು ಒಂದು ಬುಟ್ಟಿಗೆ, ಕಾಗದ ಪ್ಲಾಸ್ಟಿಕ್ಕುಗಳನ್ನು ಇನ್ನೊಂದಕ್ಕೆ ಹಾಕುವ ಕೈಯೇ ಆ ಯಂತ್ರ. ಆ ಕೈ ಆಲಸ್ಯಮಾಡಿದರೆ ಕೋಟಿ ರೂಪಾಯಿಯ ಸ್ಥಾವರವೂ ಉಪವಾಸ. ಜೊತೆಗೆ ಬೆರೆತ ಕಸವನ್ನು ಬರಿಗೈಯಿಂದ ಬಿಡಿಸಬೇಕಾದ ಪೌರಕಾರ್ಮಿಕ ಹೆಣ್ಣುಮಗಳಿಗೆ ಗಾಜಿನ ಚೂರಿನ ಗಾಯ.

ಇದು ಗಂಡಸರಿಗೆ ಸಂಬಂಧಿಸದ ಅಡುಗೆಮನೆಯ ವಿಚಾರವೆಂದು ಯಜಮಾನರು ಪತ್ರಿಕೆಯನ್ನು ಮಡಿಸಿ ಇಡಲಾಗದು. ಊದುಗೊಳವೆಯ ಕಾಲದಲ್ಲಿ ಕಣ್ಣೀರೆಲ್ಲ ಒಬ್ಬಳದಾಗಿತ್ತು, ಊಟ ಎಲ್ಲರದಾಗಿತ್ತು. ಹೊಸ ಕಾಲದ ಒಲೆಗಾದರೂ ಆ ಅನ್ಯಾಯ ಬೇಡ. ಮಾವಿನ ಕಾಲದಲ್ಲಿ ಹಣ್ಣು ತಿಂದವನೇ ಎದ್ದುಹೋಗಿ ಸಿಪ್ಪೆಯನ್ನು ಸರಿಯಾದ ಬುಟ್ಟಿಗೆ ಹಾಕಿ ಬಂದರೆ, ವಿಜ್ಞಾನದ ಅರ್ಧ ಕೆಲಸ ಮುಗಿದಂತೆ. ಉಳಿದ ಅರ್ಧವನ್ನು, ವೋಲ್ಟಾ ಕಂಡ ಗುಳ್ಳೆಗಳಿಗೆ ಜನ್ಮವಿತ್ತ ಆ ಕಣ್ಣಿಗೆ ಕಾಣದ ಜೀವಾಣುಗಳು ಸಂಬಳ ಕೇಳದೆ, ರಜೆ ಬೇಡದೆ ಮಾಡಿ ಮುಗಿಸುತ್ತವೆ.